ದೊಡ್ಡಮ್ಮ ಕೇಳಿದ ಪ್ರಶ್ನೆ

ನಮ್ ದೊಡ್ಡಮ್ಮಂಗೆ 64ನೇ ವಯಸ್ಸಲ್ಲಿ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಅವ್ರು ಕೇಳಿದ್ದು ಒಂದೇ, "ನಮ್ಮನೇಲಿ ಯಾರ್ಗೂ ಇರ್ಲಿಲ್ವಲ್ಲೋ, ನಂಗ್ಯಾಕೆ ಬಂತು?" ಆ ಪ್ರಶ್ನೆ ತಲೇಲಿ ಕೂತ್ಬಿಡ್ತು, ಅದಕ್ಕೇ ಓದೋಕೆ ಶುರು ಮಾಡ್ದೆ.

ಎಲ್ರೂ ಬಿಆರ್‌ಸಿಎ ಜೀನ್ (ಇದ್ರಲ್ಲಿ ದೋಷ ಇದ್ರೆ ಸ್ತನ ಕ್ಯಾನ್ಸರ್ ಅಪಾಯ ಜಾಸ್ತಿ) ಬಗ್ಗೆನೇ ಮಾತಾಡ್ತಾರೆ, ಆದ್ರೆ ಹೆಚ್ಚಿನ ಕೇಸಲ್ಲಿ ಅಪ್ಪ ಅಮ್ಮನಿಂದ ಬಂದ ದೋಷ ಇರೋದೇ ಇಲ್ಲ, ವಯಸ್ಸಾಗೋದೇ ದೊಡ್ಡ ಕಾರಣಗಳಲ್ಲೊಂದು. 1961ರಲ್ಲಿ ಹೇಫ್ಲಿಕ್ ಮತ್ತೆ ಮೂರ್‌ಹೆಡ್ ಅನ್ನೋ ವಿಜ್ಞಾನಿಗಳು ತೋರಿಸಿದ್ರು, ನಮ್ಮ ಮಾಮೂಲಿ ಜೀವಕೋಶ ಲ್ಯಾಬಲ್ಲಿ ಸುಮಾರು 50 ಸಲ ಒಂದು ಎರಡಾಗಿ ಒಡೆದು ಆಮೇಲೆ ನಿಂತ್ಬಿಡತ್ತೆ ಅಂತ. ಪಿ16, ಪಿ53 ಅನ್ನೋ ಜೀನ್‌ಗಳು ಹಾಕೋ ಬ್ರೇಕ್ ಅದು, ಕೆಟ್ಟ ಕೋಶ ಗೆಡ್ಡೆ ಆಗದಂಗೆ ತಡೆಯೋದೂ ಅದೇ, ಆದ್ರೆ ನಿಂತ ಕೋಶ ಸುಮ್ನೆ ಕೂರಲ್ಲ, ಐಎಲ್-6 ತರದ ಉರಿಯೂತದ ಪ್ರೋಟೀನ್ ಸೋರಿಸ್ತಾ ಪಕ್ಕದವುಗಳನ್ನ ಕೆಣಕ್ತಾ ಇರತ್ತೆ. ಇದನ್ನ ಜ್ಯೂಡಿತ್ ಕ್ಯಾಂಪಿಸಿ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಹಿಂದೆ ಬಿದ್ದು ತೋರ್ಸಿದ್ರು, ನಂಗೆ ಅವ್ರ ಮೇಲೆ ತುಂಬಾ ಗೌರವ. ಯೌವನದಲ್ಲಿ ಕಾಯೋ ಜೀನೇ ಮುಪ್ಪಲ್ಲಿ ಹೀಗೆ ಕ್ಯಾನ್ಸರ್‌ಗೂ ದಾರಿ ಮಾಡಬಹುದು ಅನ್ನೋದು ನಿಜಕ್ಕೂ ಸಂಕಟದ ವಿಷ್ಯ.

ದೊಡ್ಡಮ್ಮ ಅವರೆಕಾಯಿ ಸುಲೀತಾ ಇದ್ದಾಗ ಇದನ್ನೇ ಹೇಳ್ದೆ. ಹುಳುಕು ಕಾಯೊಂದನ್ನ ಮೊರದಿಂದ ಎತ್ತಿ ಪಕ್ಕಕ್ಕಿಟ್ರು, "ಹಂಗಾದ್ರೆ ನಾನೇನೂ ತಪ್ಪು ಮಾಡಿಲ್ಲ ತಾನೇ?" ಅಂದ್ರು. ಇಲ್ಲ ದೊಡ್ಡಮ್ಮ, ಏನೂ ಮಾಡಿಲ್ಲ ಅಂದೆ. ಈಗ ದಿನಾ ರಾತ್ರಿ ಊಟ ಆದ್ಮೇಲೆ ಲೆಟ್ರೊಜೋಲ್ ಅನ್ನೋ ಸ್ತನ ಕ್ಯಾನ್ಸರ್ ಮಾತ್ರೆ ನಾನೇ ಕೈಗೆ ಕೊಡ್ತೀನಿ.