ಡೇಟಾ ಫ್ಲೋ ಡಯಾಗ್ರಮ್: ಬಾಣಗಳಿಗೆ ಹೆಸರಿಡುವ ಕೆಲಸ

ತಂತ್ರಾಂಶದ ವಿನ್ಯಾಸ ಎಂದೊಡನೆ ಫ್ಲೋಚಾರ್ಟ್ ಬರೆಯಲು ತೊಡಗುವವರಿಗೆ ಡೇಟಾ ಫ್ಲೋ ಡಯಾಗ್ರಮ್ ಮೊದಲ ನೋಟಕ್ಕೆ ಅರೆಬರೆಯಾಗಿ ಕಾಣುತ್ತದೆ. ಅದರಲ್ಲಿ ಹೌದು-ಅಲ್ಲ ಎಂದು ಕವಲೊಡೆಯುವ ಗುರುತಿಲ್ಲ, ಲೂಪ್ ಇಲ್ಲ, ಯಾವ ಕೆಲಸ ಮೊದಲು ಯಾವುದು ನಂತರ ಎಂಬ ಕ್ರಮವೂ ಇಲ್ಲ. ಇವನ್ನೆಲ್ಲ ಬಿಟ್ಟುಕೊಟ್ಟದ್ದರಿಂದಲೇ ಅದು ಒಂದು ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಬಲ್ಲದು: ಈ ದತ್ತಾಂಶ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಎಲ್ಲಿ ಉಳಿಯಿತು?

1970ರ ದಶಕದಲ್ಲಿ ಲ್ಯಾರಿ ಕಾನ್‌ಸ್ಟಂಟೈನ್, ಎಡ್ ಯೂರ್ಡನ್, ಟಾಮ್ ಡಿಮಾರ್ಕೊ ಮೊದಲಾದವರು ರೂಢಿಗೆ ತಂದ ಈ ಪದ್ಧತಿಗೆ ಬೇಕಾಗುವ ಗುರುತುಗಳು ನಾಲ್ಕೇ. ವ್ಯವಸ್ಥೆಯ ಹೊರಗಿರುವ ವ್ಯಕ್ತಿ ಅಥವಾ ಸೇವೆ, ದತ್ತಾಂಶವನ್ನು ಮಾರ್ಪಡಿಸುವ ಪ್ರಕ್ರಿಯೆ, ಅದು ತಂಗುವ ಸಂಗ್ರಹ ಮತ್ತು ಇವುಗಳ ನಡುವೆ ಸಾಗುವ ಬಾಣ. ಪ್ರಕ್ರಿಯೆಯನ್ನು ಡಿಮಾರ್ಕೊ ವೃತ್ತದಲ್ಲಿ ಬರೆದರೆ, ಗೇನ್ ಮತ್ತು ಸಾರ್ಸನ್ ಮೂಲೆ ದುಂಡಗಿರುವ ಆಯತದಲ್ಲಿ ಬರೆದರು. ಯಾವುದನ್ನು ಆರಿಸಿಕೊಂಡರೂ ನಡೆಯುತ್ತದೆ, ಈ ಬಗ್ಗೆ ವಾದಿಸುವುದು ಕಾಲಹರಣ.

ಎಲ್ಲರಿಗೂ ಪರಿಚಿತವಾದ ಒಂದು ಸೌಲಭ್ಯವನ್ನೇ ತೆಗೆದುಕೊಳ್ಳೋಣ: ಪಾಸ್‌ವರ್ಡ್ ಮರೆತವರಿಗೆ ಇಮೇಲ್ ಮೂಲಕ ಲಿಂಕ್ ಕಳಿಸುವುದು. ಎಲ್ಲಕ್ಕಿಂತ ಮೇಲಿನ ಹಂತವಾದ ಕಾಂಟೆಕ್ಸ್ಟ್ ಡಯಾಗ್ರಮ್‌ನಲ್ಲಿ ಇಡೀ ವ್ಯವಸ್ಥೆ ಒಂದೇ ವೃತ್ತ. ಒಂದು ಬದಿಗೆ ಬಳಕೆದಾರ, ಇನ್ನೊಂದು ಬದಿಗೆ ಇಮೇಲ್ ಸೇವೆ. ಆ ವೃತ್ತವನ್ನು ಬಿಡಿಸಿದರೆ ಕೋರಿಕೆಯನ್ನು ಪರಿಶೀಲಿಸುವ, ಟೋಕನ್ (ಲಿಂಕಿನೊಳಗೆ ಸೇರಿಸುವ ಗುಪ್ತ ಸಂಕೇತ) ಸೃಷ್ಟಿಸುವ, ಹೊಸ ಪಾಸ್‌ವರ್ಡ್ ದಾಖಲಿಸುವ ಮೂರು ಪ್ರಕ್ರಿಯೆಗಳೂ, ಖಾತೆಗಳು ಮತ್ತು ಟೋಕನ್‌ಗಳು ಎಂಬ ಎರಡು ಸಂಗ್ರಹಗಳೂ ಸಿಗುತ್ತವೆ. ಇಷ್ಟು ಬರೆಯಲು ಹೆಚ್ಚು ಹೊತ್ತು ಬೇಕಿಲ್ಲ. ಕೆಲಸ ಶುರುವಾಗುವುದು ಅಲ್ಲಿಂದ ಮುಂದೆ.

ಮೂರನೆಯ ಪ್ರಕ್ರಿಯೆ ಟೋಕನ್ ಸಂಗ್ರಹದಿಂದ ಓದುತ್ತದೆ ಎಂದು ಒಂದು ಬಾಣ ಎಳೆದಿದ್ದೇವೆ. ಆದರೆ ‘ಬಳಸಿಯಾಯಿತು’ ಎಂಬ ಗುರುತನ್ನು ಅದೇ ಸಂಗ್ರಹಕ್ಕೆ ಮರಳಿ ಒಯ್ಯುವ ಬಾಣ ಇದೆಯೇ? ಅಂಥ ಬಾಣವೂ ಇಲ್ಲದೆ, ಹಳೆಯ ಟೋಕನ್ ತಾನಾಗಿ ಅಮಾನ್ಯವಾಗುವ ಬೇರೆ ಏರ್ಪಾಡೂ ಇಲ್ಲದೆ ಹೋದರೆ, ಒಂದೇ ಲಿಂಕನ್ನು ಮತ್ತೊಮ್ಮೆ ಬಳಸಬಹುದು. ಪಾಸ್‌ವರ್ಡ್ ಬದಲಾದ ಸುದ್ದಿ, ಯಾರು ಯಾರು ಲಾಗಿನ್ ಆಗಿದ್ದಾರೆಂದು ದಾಖಲಿಸುವ ಸೆಷನ್‌ಗಳ ಸಂಗ್ರಹಕ್ಕೆ ತಲುಪುತ್ತದೆಯೇ? ತಲುಪದಿದ್ದರೆ, ಬೇರೊಂದು ಸಾಧನದಲ್ಲಿ ಈಗಾಗಲೇ ಲಾಗಿನ್ ಆಗಿರುವ ಅಪರಿಚಿತ ಹಾಗೆಯೇ ಉಳಿದುಕೊಳ್ಳುತ್ತಾನೆ. ಇನ್ನು, ಚಿತ್ರದಲ್ಲಿ ಬಹುತೇಕರು ತೋರಿಸಲು ಮರೆಯುವ ಸಂಗ್ರಹವೊಂದಿದೆ, ಅದು ವ್ಯವಸ್ಥೆಯಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್. ಅದಕ್ಕೆ ಹೋಗುವ ಬಾಣದ ಮೇಲೆ ‘ವಿವರಗಳು’ ಎಂದು ಬರೆದರೆ ಯಾರಿಗೂ ಏನೂ ಅನುಮಾನ ಬರುವುದಿಲ್ಲ. ‘ಪೂರ್ಣ ಯುಆರ್‌ಎಲ್’ ಎಂದು ಬರೆದ ಕೂಡಲೇ ಯುಆರ್‌ಎಲ್‌ನೊಳಗಿನ ಟೋಕನ್ ಕಣ್ಣಿಗೆ ಬೀಳುತ್ತದೆ, ಮತ್ತು ಅದರ ಅವಧಿ ಮುಗಿಯುವ ಮೊದಲು ಲಾಗ್ ಓದಬಲ್ಲ ಯಾರೇ ಆಗಲಿ ಇನ್ನೊಬ್ಬರ ಖಾತೆಗೆ ನುಗ್ಗಬಹುದು ಎಂಬುದು ಸ್ಪಷ್ಟವಾಗುತ್ತದೆ.

ಆದ್ದರಿಂದ ಬಾಣಗಳ ಮೇಲೆ ‘ಡೇಟಾ’, ‘ಮಾಹಿತಿ’ ಎಂಬ ಹೆಸರುಗಳನ್ನು ನಾನು ಒಪ್ಪುವುದಿಲ್ಲ. ಡಿಮಾರ್ಕೊ ಪದ್ಧತಿಯಲ್ಲಿ ಚಿತ್ರದ ಜೊತೆಗೆ ಡೇಟಾ ಡಿಕ್ಷನರಿಯೂ ಇರಬೇಕು. ಪ್ರತಿ ಬಾಣದಲ್ಲಿ ಏನೇನು ಅಡಗಿದೆ ಎಂಬುದನ್ನು ಅಲ್ಲಿ ಬಿಡಿಸಿ ಬರೆಯುತ್ತಾರೆ. ಚಿತ್ರವನ್ನಷ್ಟೇ ಇಟ್ಟುಕೊಂಡು ಡಿಕ್ಷನರಿಯನ್ನು ಕೈಬಿಟ್ಟ ತಂಡಗಳೇ ಹೆಚ್ಚು, ಮತ್ತು ಈ ಪದ್ಧತಿಗೆ ಬಂದ ಕೆಟ್ಟ ಹೆಸರಿನಲ್ಲಿ ಅದರ ಪಾಲೂ ಇದೆ ಎಂದು ನನ್ನ ಅನಿಸಿಕೆ.

ಉಳಿದ ನಿಯಮಗಳು ಸರಳ. ಒಳಹರಿವಷ್ಟೇ ಇದ್ದು ಏನೂ ಹೊರಬರದ ಪ್ರಕ್ರಿಯೆ ಕಪ್ಪುರಂಧ್ರ, ಏನೂ ಒಳಬಾರದೆ ಫಲಿತಾಂಶ ಹೊರಡಿಸುವ ಪ್ರಕ್ರಿಯೆ ಪವಾಡ, ಎರಡೂ ತಪ್ಪು. ಎರಡು ಸಂಗ್ರಹಗಳ ನಡುವೆ ನೇರ ಬಾಣ ಇರಬಾರದು. ಒಂದು ವೃತ್ತವನ್ನು ಕೆಳಹಂತದಲ್ಲಿ ಬಿಡಿಸಿದಾಗ, ಮೇಲಿನ ಹಂತದಲ್ಲಿ ಅದನ್ನು ಮುಟ್ಟುತ್ತಿದ್ದ ಬಾಣಗಳೆಲ್ಲ ಕೆಳಗೂ ಕಾಣಿಸಬೇಕು.

ಹಳೆಯದೆಂದು ಪಕ್ಕಕ್ಕೆ ಸರಿದಿದ್ದ ಈ ಚಿತ್ರಕ್ಕೆ ಭದ್ರತೆಯ ಕ್ಷೇತ್ರದಲ್ಲಿ ಮತ್ತೆ ಬಳಕೆ ಸಿಕ್ಕಿದೆ. ಮೈಕ್ರೋಸಾಫ್ಟ್‌ನಲ್ಲಿ ಲೋರೆನ್ ಕೋನ್‌ಫೆಲ್ಡರ್ ಮತ್ತು ಪ್ರೇರಿತ್ ಗರ್ಗ್ 1999ರಲ್ಲಿ ರೂಪಿಸಿದ, ಭದ್ರತೆಗೆ ಎದುರಾಗುವ ಅಪಾಯಗಳನ್ನು ವಿಂಗಡಿಸುವ ಸ್ಟ್ರೈಡ್ ಮಾದರಿಯನ್ನು ಅನ್ವಯಿಸುವವರು ಸಾಮಾನ್ಯವಾಗಿ ಈ ಚಿತ್ರದಿಂದಲೇ ಆರಂಭಿಸುತ್ತಾರೆ, ಅದರ ಮೇಲೆ ವಿಶ್ವಾಸದ ಗಡಿಗಳನ್ನು (ನಂಬಬಹುದಾದ ಭಾಗ ಎಲ್ಲಿ ಮುಗಿಯುತ್ತದೆ ಎಂಬುದನ್ನು) ಚುಕ್ಕೆಗೆರೆಗಳಿಂದ ಗುರುತಿಸುತ್ತಾರೆ, ಮತ್ತು ಗಡಿ ದಾಟುವ ಬಾಣಗಳನ್ನು ವಿಶೇಷವಾಗಿ ತಪಾಸಣೆ ಮಾಡುತ್ತಾರೆ.

ಸಮಯಕ್ಕೆ ಸಂಬಂಧಿಸಿದ ತೊಡಕುಗಳನ್ನು ಮಾತ್ರ ಈ ಚಿತ್ರ ತೋರಿಸಿಕೊಡುತ್ತದೆ ಎಂದು ನಿರೀಕ್ಷಿಸಬಾರದು. ಒಂದೇ ಟೋಕನ್ ಹಿಡಿದ ಎರಡು ಕೋರಿಕೆಗಳು ಒಂದೇ ಕ್ಷಣದಲ್ಲಿ ಬಂದರೆ ಏನಾಗುತ್ತದೆ ಎಂಬುದಕ್ಕೆ, ಯಾವುದರ ನಂತರ ಯಾವುದು ನಡೆಯುತ್ತದೆ ಎಂದು ತೋರಿಸುವ ಸೀಕ್ವೆನ್ಸ್ ಡಯಾಗ್ರಮ್ ಬೇಕು. ಮೂರನೆಯ, ನಾಲ್ಕನೆಯ ಹಂತದವರೆಗೆ ವೃತ್ತಗಳನ್ನು ಬಿಡಿಸುತ್ತ ಹೋಗುವುದೂ ನನಗೆ ಹಿಡಿಸುವುದಿಲ್ಲ, ಅಷ್ಟು ಆಳದಲ್ಲಿ ಕೋಡ್ ಓದುವುದೇ ಸುಲಭ. ಕಾಂಟೆಕ್ಸ್ಟ್ ಡಯಾಗ್ರಮ್ ಮತ್ತು ಅದರ ಕೆಳಗಿನ ಒಂದು ಹಂತವನ್ನು ಪಠ್ಯದಿಂದ ಚಿತ್ರ ಮೂಡಿಸುವ ಯಾವುದಾದರೂ ಸಾಧನದಲ್ಲಿ ಬರೆದು, ಕೋಡ್ ಇರುವ ರೆಪಾಸಿಟರಿಯಲ್ಲೇ ಇಡುತ್ತೇನೆ. ಹೊಸ ಸಂಗ್ರಹವನ್ನು ಸೇರಿಸುವ, ಕೋಡ್ ಬದಲಾವಣೆಯ ಕೋರಿಕೆಯಾದ ಪುಲ್ ರಿಕ್ವೆಸ್ಟ್‌ನಲ್ಲಿ ಆ ಫೈಲ್ ಬದಲಾಗದಿದ್ದರೆ ಪರಿಶೀಲನೆಯಲ್ಲಿ ಅದನ್ನು ಹಿಂದಕ್ಕೆ ಕಳಿಸುತ್ತೇನೆ.