ಚಳಿಗಾಲದ ದೋಸೆ ಹಿಟ್ಟು

ಮದುವೆಯಾಗಿ ದಾವಣಗೆರೆಯಿಂದ ಬೆಂಗಳೂರಿಗೆ ಬಂದ ಮೊದಲ ಡಿಸೆಂಬರಿನಲ್ಲಿ, ನೆಂಟರು ಬರುವರೆಂದು ರಾತ್ರಿ 9 ಗಂಟೆಗೆ ರುಬ್ಬಿಟ್ಟಿದ್ದ ದೋಸೆ ಹಿಟ್ಟು, ಬೆಳಗ್ಗೆ ಮುಚ್ಚಳ ತೆಗೆದಾಗ ಇಟ್ಟ ಮಟ್ಟದಲ್ಲೇ ಇತ್ತು. ಹುಳಿಯ ವಾಸನೆಯಿರಲಿಲ್ಲ, ಒಂದು ಗುಳ್ಳೆಯೂ ಎದ್ದಿರಲಿಲ್ಲ. ಅವಸರದಲ್ಲಿ ಸೋಡಾ ಬೆರೆಸಿ ಹುಯ್ದ ದೋಸೆಗಳು ಬಿಳಿಚಿಕೊಂಡು, ಆರುತ್ತಲೇ ಚರ್ಮದಂತೆ ಬಿರುಸಾದವು. ಅಂದು ಸಂಜೆ ಫೋನಿನಲ್ಲಿ ಅಮ್ಮ, “ಚಳಿಗಾಲದಾಗ ಹಿಟ್ಟಿಗೆ ಇನ್ನೂ ನಾಲ್ಕೈದು ತಾಸು ಬೇಕವ್ವ, ಸಂಜಿಗೇ ರುಬ್ಬಿಡಬೇಕಿತ್ತು” ಎಂದರು. ಅಂದಿನಿಂದ ನಾನು ಹಿಟ್ಟಿಗೆ ಸೋಡಾ ಹಾಕಿಲ್ಲ. ಸೋಡಾ ಹಿಟ್ಟನ್ನು ಉಬ್ಬಿಸಬಲ್ಲದು, ಆದರೆ ಹುದುಗಿನಿಂದ ಬರುವ ಹುಳಿಯನ್ನೂ ಪರಿಮಳವನ್ನೂ ಕೊಡಲಾರದು.

3 ಲೋಟ ದೋಸೆ ಅಕ್ಕಿಗೆ 1 ಲೋಟ ಉದ್ದು, 1 ಚಮಚ ಮೆಂತ್ಯ, 2 ಚಮಚ ಕಡಲೆಬೇಳೆ ಮತ್ತು ಒಂದು ಹಿಡಿ ಅವಲಕ್ಕಿ ನನ್ನ ಅಳತೆ. ನಮ್ಮೂರಿನ ಬೆಣ್ಣೆ ದೋಸೆಗಾದರೆ ಅವಲಕ್ಕಿಯ ಜಾಗದಲ್ಲಿ ಮಂಡಕ್ಕಿ ಬೀಳುತ್ತದೆ. ದೋಸೆಗೆ ಹೊಂಬಣ್ಣ ಬರುವುದರಲ್ಲಿ ಕಡಲೆಬೇಳೆಯ ಪಾಲು ದೊಡ್ಡದು. ಉದ್ದನ್ನೂ ಅಕ್ಕಿಯನ್ನೂ ಒಟ್ಟಿಗೆ ರುಬ್ಬುವವರಿದ್ದಾರೆ; ನನಗೆ ಅದು ಒಪ್ಪಿಗೆಯಿಲ್ಲ. ಹುದುಗಿನಲ್ಲಿ ಹುಟ್ಟುವ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆಯಾದ್ದರಿಂದ, ಅದನ್ನು ತಣ್ಣೀರು ಚಿಮುಕಿಸುತ್ತ ಬೇರೆಯಾಗಿಯೇ ಬೆಣ್ಣೆಯಂತೆ ನುಣ್ಣಗೆ ರುಬ್ಬಬೇಕು. ಸಾಕಷ್ಟು ನುರಿದಿದೆಯೇ ಎಂದು ತಿಳಿಯಲು ಒಂದು ಚಿಕ್ಕ ಉಂಡೆಯನ್ನು ನೀರಿನ ಬಟ್ಟಲಿಗೆ ಬಿಡುತ್ತೇನೆ. ಅದು ಮುಳುಗದೆ ತೇಲಿದರೆ ಗ್ರೈಂಡರ್ ನಿಲ್ಲಿಸುತ್ತೇನೆ. ಅಕ್ಕಿ ಮಾತ್ರ ಬೆರಳಿಗೆ ಸಣ್ಣ ರವೆಯಂತೆ ಸಿಗಬೇಕು, ಇಲ್ಲದಿದ್ದರೆ ದೋಸೆ ಗರಿಯಾಗುವುದಿಲ್ಲ. ಮಿಕ್ಸಿಯಲ್ಲಿ ರುಬ್ಬುವವರು ನಡುನಡುವೆ ನಿಲ್ಲಿಸಿ, ಫ್ರಿಜ್ಜಿನ ನೀರು ಬಳಸಿ, ಹಿಟ್ಟು ಬಿಸಿಯಾಗದಂತೆ ನೋಡಿಕೊಳ್ಳಬೇಕು.

ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳು ಬಹುಪಾಲು ಉದ್ದಿನ ಜೊತೆಗೇ ಬಂದಿರುತ್ತವೆ. ಅವು ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಮೊದಲನೆಯದರಿಂದ ಹುಳಿ, ಎರಡನೆಯದರಿಂದ ಉಬ್ಬು. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಚ್ಚಗಿನಲ್ಲಿ 8ರಿಂದ 10 ತಾಸಿನಲ್ಲಿ ಮುಗಿಯುವ ಈ ಕೆಲಸ, ಬೆಂಗಳೂರಿನ ಚಳಿಯಲ್ಲಿ 14 ತಾಸು ಹಿಡಿದರೂ ಆಶ್ಚರ್ಯವಿಲ್ಲ. ಉಪ್ಪು ಹುದುಗನ್ನು ನಿಧಾನಗೊಳಿಸುವುದರಿಂದ ಬೇಸಿಗೆಯಲ್ಲಿ ರಾತ್ರಿಯೇ ಹಾಕುತ್ತೇನೆ, ಚಳಿಗಾಲದಲ್ಲಿ ದೋಸೆ ಹುಯ್ಯುವ ಮುನ್ನ ಹಾಕುತ್ತೇನೆ. ಚಳಿ ತೀರಾ ಹೆಚ್ಚಿದ್ದರೆ ಪಾತ್ರೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ಪಕ್ಕದಲ್ಲಿಡುತ್ತೇನೆ. ಬೆಳಗ್ಗೆ ಸೌಟು ಇಳಿಸಿದಾಗ ಹಿಟ್ಟಿನೊಳಗಿನಿಂದ ಜೇನುಗೂಡಿನಂಥ ಕಣ್ಣುಗಳು ಕಾಣಿಸಿ, ಸಣ್ಣಗೆ ಉಸ್ಸೆಂದು ಕುಸಿಯುವ ಸದ್ದು ಕೇಳಿಸಿದರೆ ಹಿಟ್ಟು ಹದಕ್ಕೆ ಬಂದಿದೆ ಎಂದರ್ಥ.

ಬೀಡಿನ ಕಾವಲಿ ಕಾದ ಮೇಲೆ ನೀರು ಚಿಮುಕಿಸಿ ಒರೆಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಉಜ್ಜುತ್ತೇನೆ. ಕಾವಲಿ ವಿಪರೀತ ಕಾದಿದ್ದರೆ ಹಿಟ್ಟು ಹರಡದೆ ಸೌಟಿಗೇ ಮೆತ್ತಿಕೊಂಡು ಬರುತ್ತದೆ. ನಡುವಿನಿಂದ ಸುತ್ತುತ್ತ ಹೊರಗೆ ಎಳೆದು, ಅಂಚಿಗೆ ಬೆಣ್ಣೆ ಬಿಟ್ಟು, ಅಂಚು ತಾನಾಗಿಯೇ ಕಾವಲಿ ಬಿಡುವವರೆಗೆ ಮೊಗಚುವ ಕೈಯನ್ನು ಮುಟ್ಟಿಸುವುದಿಲ್ಲ.

ಉಳಿದ ಹಿಟ್ಟು ಫ್ರಿಜ್ಜಿನಲ್ಲಿದ್ದರೂ ಮೂರನೆಯ ದಿನಕ್ಕೆ ಹುಳಿ ಏರುತ್ತದೆ. ಆಗ ಅದಕ್ಕೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಪಡ್ಡು ಹಾಕುತ್ತೇನೆ. ನಮ್ಮ ಮನೆಯ ಮಕ್ಕಳು ದೋಸೆಗಿಂತ ಹೆಚ್ಚಾಗಿ ಆ ಮೂರನೆಯ ದಿನಕ್ಕೇ ಕಾಯುತ್ತಾರೆ.