ಉಪಪ್ರಶ್ನೆಯ ಮೇಷ್ಟ್ರು

ಪಿಯುಸಿಯಲ್ಲಿ ಓದಿದ ರಸಾಯನಶಾಸ್ತ್ರ ಈಗ ಎಷ್ಟು ಉಳಿದಿದೆಯೋ ಕಾಣೆ. ಆದರೆ ಚುಕ್ಕೆ ಗುರುತಿನ ಪ್ರಶ್ನೆಗೂ ಚುಕ್ಕೆ ಗುರುತಿಲ್ಲದ ಪ್ರಶ್ನೆಗೂ ಏನು ವ್ಯತ್ಯಾಸ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮೊದಲನೆಯದಕ್ಕೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು, ಆ ಉತ್ತರದ ಮೇಲೆ ಮರುಪ್ರಶ್ನೆಗೆ, ಅಂದರೆ ಉಪಪ್ರಶ್ನೆಗೆ ಅವಕಾಶ ಉಂಟು. ಎರಡನೆಯದಕ್ಕೆ ಲಿಖಿತ ಉತ್ತರ, ಅಲ್ಲಿಗೆ ಮುಗಿಯಿತು. ಇದನ್ನು ಕಲಿಸಿದ ರಾಜ್ಯಶಾಸ್ತ್ರದ ಮೇಷ್ಟ್ರು ಈ ವರ್ಷ ತೀರಿಕೊಂಡರು.

ನಾನು ವಿಜ್ಞಾನ ವಿಭಾಗದವನು, ಅವರ ತರಗತಿಯಲ್ಲಿ ಕೂರುವ ಪ್ರಮೇಯವೇ ಇರಲಿಲ್ಲ. ಆದರೆ ವಿದ್ಯಾರ್ಥಿಗಳೇ ಸಚಿವರು, ವಿರೋಧ ಪಕ್ಷದವರಾಗಿ ನಡೆಸುವ ಅಣಕು ಸದನವಾದ ಯುವ ಸಂಸತ್ತಿಗೆ ಅವರು ಕಲೆ, ವಾಣಿಜ್ಯ, ವಿಜ್ಞಾನ ಎಂದು ಭೇದ ಮಾಡುತ್ತಿರಲಿಲ್ಲ. ಗಂಟಲು ಗಟ್ಟಿ ಇದ್ದವರನ್ನೂ ಲೆಕ್ಕ ಬಲ್ಲವರನ್ನೂ ಹುಡುಕಿ ಕರೆಯುತ್ತಿದ್ದರು. ನನ್ನನ್ನು ಕರೆದದ್ದು ಲೆಕ್ಕಕ್ಕೆ. ಹಳೆಯ ಉತ್ತರ ಪತ್ರಿಕೆಗಳ ಖಾಲಿ ಹಾಳೆ ಹೊಲಿದು ಮಾಡಿದ ದಪ್ಪ ಪುಸ್ತಕದಲ್ಲಿ ಅವರು ಸದನದ ಸುದ್ದಿಗಳನ್ನು ಕತ್ತರಿಸಿ ಅಂಟಿಸುತ್ತಿದ್ದರು. ಪ್ರತಿ ತುಣುಕಿನ ಕೆಳಗೆ ನಾಲ್ಕು ಗೆರೆ ಜಾಗ ಬಿಟ್ಟಿರುತ್ತಿತ್ತು. ಅಲ್ಲಿ ನಾವು ಉಪಪ್ರಶ್ನೆ ಬರೆಯಬೇಕು. "ಯಾರು ಹೇಳಿದ್ರು, ಯಾವ ಪಕ್ಷ ಅನ್ನೋದು ಆಮೇಲೆ. ಏನ್ ಕೇಳಿದ್ರು, ಏನ್ ಕೇಳಲಿಲ್ಲ, ಅದನ್ನ ಬರ್ಕೊಳ್ರಿ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಬೋರ್ಡಿನ ಮೇಲೆ 27 ಎಂದು ಬರೆದರು. 2009ರ ಆಗಸ್ಟ್‌ವರೆಗೆ ಉತ್ತಮ ದರ್ಜೆಯ ಕಬ್ಬಿಣದ ಅದಿರಿಗೂ ಸರ್ಕಾರಕ್ಕೆ ಸಿಗುತ್ತಿದ್ದ ರಾಜಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಅದೇ ಟನ್ನು ಹಡಗು ಹತ್ತಿ ಚೀನಾ ಮುಟ್ಟಿದರೆ ಸಾವಿರಗಟ್ಟಲೆ ರೂಪಾಯಿ. "ಒಂದು ಊಟದ ದುಡ್ಡಿಗೆ ಒಂದು ಟನ್ ಗುಡ್ಡ ಹೋಯ್ತಲ್ಲಪ್ಪ" ಎಂದು ಸುಮ್ಮನೆ ನಮ್ಮ ಮುಖ ನೋಡಿದರು. ಆಮೇಲೆ ದರ ಬದಲಾಗಿ ಬೆಲೆಯ ಶೇ 10 ಎಂದಾಯಿತು. ದರ ಗೊತ್ತು ಮಾಡುವುದು ಕೇಂದ್ರ, ಹಣ ಬರುವುದು ರಾಜ್ಯಕ್ಕೆ. ಹಾಗಾದರೆ ಪ್ರಶ್ನೆಯನ್ನು ಯಾವ ಸದನದಲ್ಲಿ ಕೇಳಬೇಕು? ಆ ಗಂಟೆ ಪೂರ್ತಿ ಅದೇ ಚರ್ಚೆ. ಬಳ್ಳಾರಿ ಜಿಲ್ಲೆಯ ಸಂಡೂರಿನ ಅದಿರು ಗುಡ್ಡಗಳನ್ನು ದಿನಾ ನೋಡುತ್ತಿದ್ದ ನಮಗೆ ಅವುಗಳ ಲೆಕ್ಕ ತಿಳಿದದ್ದು ಅವತ್ತು.

ಅದು 2010. ಜುಲೈ ಅಧಿವೇಶನದಲ್ಲಿ ಅಕ್ರಮ ಗಣಿಗಾರಿಕೆಯದೇ ಗದ್ದಲ. ಸಿಬಿಐ ತನಿಖೆಗೆ ಪಟ್ಟು ಹಿಡಿದು ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ಶಾಸಕರು ವಿಧಾನಸೌಧದಲ್ಲೇ ಅಹೋರಾತ್ರಿ ಧರಣಿ ಕೂತರು. ಬಳ್ಳಾರಿಗೆ ಬನ್ನಿ ನೋಡೋಣ ಎಂದು ಗಣಿ ಉದ್ಯಮಿಗಳೂ ಆಗಿದ್ದ ರೆಡ್ಡಿ ಸಹೋದರರು ಹಾಕಿದ ಸವಾಲಿಗೆ ಉತ್ತರವಾಗಿ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿ.ಮೀ. ಪಾದಯಾತ್ರೆ ಹೊರಟಿತು. ಅದೇ ತಿಂಗಳ ಕೊನೆಗೆ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ಸದನದ ಮಾತು ನಮ್ಮೂರ ರಸ್ತೆಯವರೆಗೂ ಬರುತ್ತದೆ ಎಂದು ಕಣ್ಣಾರೆ ಕಂಡೆವು.

ದಸರಾ ರಜೆ ಮುಗಿದ ಮೇಲೆ ನಮ್ಮ ಯುವ ಸಂಸತ್ತು. ನಾನು ಗಣಿ ಸಚಿವ. ಅಪ್ಪ ಅದಿರಿನ ಟಿಪ್ಪರ್ ಓಡಿಸುತ್ತಿದ್ದರು, ಮೇಷ್ಟ್ರು ಗೊತ್ತಿದ್ದೇ ಆ ಖಾತೆ ಕೊಟ್ಟಿರಬೇಕು. ಗಣಿ ದಾರಿ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು ವಿರೋಧ ಪಕ್ಷದಲ್ಲಿದ್ದಳು. ಅವಳು ಎದ್ದು, ಅರಳಿದ ಹತ್ತಿಯ ಕಾಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಬೆಳ್ಳಗಿರಬೇಕಾದ ಹತ್ತಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಎತ್ತಿಕೊಂಡು ಊದಿದೆ, ಧೂಳು ಹಾರಲಿಲ್ಲ, ಎಳೆಯ ಸಂದಿಯಲ್ಲೇ ಕೂತಿತ್ತು. "ಮಾನ್ಯ ಸಚಿವರು ಇದನ್ನು ಯಾವ ಗ್ರೇಡಿನಲ್ಲಿ ಕೊಳ್ಳುತ್ತಾರೆ?" ಎಂದು ಕೇಳಿದಳು. ಮಾಹಿತಿ ಸಂಗ್ರಹಿಸಲಾಗುತ್ತಿದೆ ಎಂದೆ. ಸಚಿವರು ಹಾಗೆಯೇ ಹೇಳುವುದನ್ನು ಆ ಪುಸ್ತಕದಲ್ಲಿ ಓದಿದ್ದೆನಲ್ಲ!

ಇಡೀ ವಿರೋಧ ಪಕ್ಷ ಸದನದ ಬಾವಿಗಿಳಿಯಿತು. ಕಾಲೇಜು ಬಿಟ್ಟರೂ ಏಳಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು, ಅಹೋರಾತ್ರಿ ಧರಣಿ ಎಂದು ಘೋಷಣೆ ಕೂಗಿದರು. ಸರ್ಕಾರವಾದ ನಾವೂ ಜಾಗ ಬಿಡಲಿಲ್ಲ. ವಾಚ್‌ಮನ್ ಬಾಗಿಲು ಬಡಿದು ಸೋತ. ಕತ್ತಲಾದ ಮೇಲೆ ಮೇಷ್ಟ್ರ ದನಿ ಕೇಳಿ ಚಿಲಕ ತೆಗೆದೆವು. ಕೈಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ದೊಡ್ಡ ಪೊಟ್ಟಣ. ಬೈಯುತ್ತಾರೆಂದುಕೊಂಡರೆ ನೇರವಾಗಿ ಹೋಗಿ ಸಭಾಧ್ಯಕ್ಷರ ಕುರ್ಚಿಯಲ್ಲಿ ಕೂತರು. "ಧರಣಿ ಮಾಡೋರು ಮಾಡ್ರಿ. ಸದನ ಮುಂದೂಡಿಲ್ಲ. ಸಚಿವರು ಉತ್ತರ ಹೇಳ್ರಿ." ಹುಡುಗಿಯರ ಮನೆಗಳಿಗೆ ಫೋನ್ ಮಾಡಿ, ಅವರನ್ನು ಒಬ್ಬೊಬ್ಬರಾಗಿ ತಲುಪಿಸುವ ವ್ಯವಸ್ಥೆ ಆಗುವವರೆಗೂ ಕಲಾಪ ನಡೆಯಿತು. ಧೂಳಿಗೆ ನೀರು ಹೊಡೆಸುವುದು, ಲಾರಿಗೆ ತಾಡಪಾಲು ಕಟ್ಟಿಸುವುದು, ಬೆಳೆ ಪರಿಹಾರ ಎಂದು ನಾನು ಒಂದೊಂದೇ ಒಪ್ಪಿಕೊಳ್ಳುತ್ತ ಹೋದೆ. ಮರುದಿನ ವಿವರಣೆ ಕೇಳಿದಾಗ ಮೇಷ್ಟ್ರು ಬರೆದುಕೊಟ್ಟದ್ದು ಒಂದೇ ಸಾಲು: "ಸಭಾಧ್ಯಕ್ಷರ ಅನುಮತಿಯಿಂದ ನಡೆದಿದೆ." ಕೆಳಗೆ ತಮ್ಮ ಸಹಿ.

ಮುಂದಿನ ವರ್ಷ ಎಲ್ಲವೂ ನಿಂತಿತು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದಿತ್ತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಆಗಲೇಬೇಕಾಗಿತ್ತು, ಇಂದಿಗೂ ನನ್ನ ಅಭಿಪ್ರಾಯ ಅದೇ. ಆದರೆ ಅಪ್ಪನ ಟಿಪ್ಪರೂ ನಿಂತಿತು. 2012ರಲ್ಲಿ ನನಗೆ ಸಿಇಟಿ ಮೂಲಕ ಸಿವಿಲ್ ಎಂಜಿನಿಯರಿಂಗ್ ಸೀಟು ಸಿಕ್ಕಾಗ ಮನೆಯಲ್ಲಿ ಫೀಸಿಗೆ ಕಾಸಿರಲಿಲ್ಲ.

ಬ್ಯಾಂಕಿನವರು ಹೊಲದ ಪಹಣಿ ತನ್ನಿ, ಅಡಮಾನ ಬೇಕು ಎಂದರು. ವಿಷಯ ಕೇಳಿದ ಮೇಷ್ಟ್ರು ಮತ್ತೆ ಅದೇ ದಪ್ಪ ಪುಸ್ತಕ ತೆಗೆದರು. ಶೈಕ್ಷಣಿಕ ಸಾಲದ ಬಗ್ಗೆ ಸಂಸತ್ತಿನಲ್ಲಿ ಸದಸ್ಯರು ಕೇಳಿದ ಪ್ರಶ್ನೆ, ಸರ್ಕಾರದ ಉತ್ತರ ಎಲ್ಲ ಅದರಲ್ಲಿತ್ತು. 4 ಲಕ್ಷ ರೂಪಾಯಿವರೆಗೆ ಅಡಮಾನ ಬೇಡ, ತಂದೆಯೋ ತಾಯಿಯೋ ಜೊತೆಗೆ ಸಹಿ ಹಾಕಿದರೆ ಸಾಕು. ವರ್ಷಕ್ಕೆ 4.5 ಲಕ್ಷದೊಳಗೆ ಆದಾಯ ಇರುವ ಮನೆಯ ಮಕ್ಕಳು ಇಂಥ ಕೋರ್ಸು ಓದುವಾಗಿನ ಬಡ್ಡಿಯನ್ನು 2009-10ರಿಂದ ಕೇಂದ್ರವೇ ಭರಿಸುತ್ತಿತ್ತು. ನನ್ನ ಜೊತೆ ಬ್ಯಾಂಕಿಗೆ ಬಂದು ಮ್ಯಾನೇಜರ್ ಎದುರು ಕೂತು, "ಸಾಲ ಆಗಲ್ಲ ಅಂದ್ರೆ ಯಾಕೆ ಆಗಲ್ಲ ಅಂತ ಬರೆದುಕೊಡ್ರಿ ಸಾರ್, ಅಷ್ಟು ಸಾಕು" ಎಂದರು. ದನಿ ಏರಿಸಲಿಲ್ಲ. ಅವರು ಬರೆದುಕೊಡಲಿಲ್ಲ, ಸಾಲ ಮಂಜೂರಾಯಿತು. ಯಾವ ಊರಿನ ಯಾವ ಸಂಸದರು ಆ ಪ್ರಶ್ನೆ ಕೇಳಿದ್ದರೋ, ಅವರಿಗೆ ನನ್ನ ಓದಿನ ಋಣ ಇದೆ ಎಂದೇ ನಂಬಿದ್ದೇನೆ.

ಈಗ ನಾನು ಗಣಿ ಸುತ್ತಲಿನ ಹಳ್ಳಿಗಳ ಕೆರೆಗಳಲ್ಲಿ ಹೂಳು ಅಳೆಯುವ ಎಂಜಿನಿಯರ್. ನಾನು ಕೊಟ್ಟ ಅಂಕಿ ತಪ್ಪೆಂದು ಈವರೆಗೆ ಯಾರೂ ತೋರಿಸಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ಆ ಶಿಸ್ತು ಬಂದದ್ದು ನಾಲ್ಕು ಗೆರೆ ಖಾಲಿ ಜಾಗದಿಂದ.

ಇಂದಿನ ಮಕ್ಕಳು ಬೆಳಗ್ಗೆ ಕತ್ತಲಿರುವಾಗಲೇ ನೀಟ್, ಸಿಇಟಿ ಕೋಚಿಂಗಿಗೆ ಹೋಗುತ್ತಾರೆ. ಯುವ ಸಂಸತ್ತು ಎಂದರೆ ಬಾಯಿಪಾಠದ ಭಾಷಣ, ಒಂದು ಗ್ರೂಪ್ ಫೋಟೊ. ಸದನದ ಕಲಾಪ ಮೊಬೈಲಿನಲ್ಲೇ ನೇರ ಸಿಗುವ ಕಾಲ ಇದು, ಆದರೆ ಪಕ್ಕದಲ್ಲಿ ಕೂತು "ಇಲ್ಲಿ ಏನ್ ಕೇಳಲಿಲ್ಲ ಹೇಳು" ಎನ್ನುವವರಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಆದ್ದರಿಂದ ಕಾಲೇಜಿಗೆ ಒಂದು ಕೋರಿಕೆ. ಈ ವರ್ಷ ಯುವ ಸಂಸತ್ತನ್ನು ಮೇಷ್ಟ್ರ ಹೆಸರಿನಲ್ಲಿ, ಅವರ ರೀತಿಯಲ್ಲೇ ನಡೆಸಿ. ಖರ್ಚು ನನ್ನದು. ವಿಷಯವನ್ನೂ ನಾನೇ ಸೂಚಿಸುತ್ತೇನೆ: 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ, ಗಣಿಗಾರಿಕೆಯಿಂದ ತೊಂದರೆಗೊಳಗಾದ ಊರುಗಳ ಒಳಿತಿಗೆಂದು ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಅದಕ್ಕೂ ಹಿಂದಿನ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟನ್ನು ಅದಕ್ಕೆ ಕಟ್ಟಬೇಕು. ಆ ಹಣ ನಿಮ್ಮ ಹಳ್ಳಿಯ ಶಾಲೆಗೆ, ಕುಡಿಯುವ ನೀರಿಗೆ ಎಷ್ಟು ಬಂತು ಎಂದು ಮಕ್ಕಳೇ ಪಂಚಾಯ್ತಿಗೆ ಹೋಗಿ ಕೇಳಿಕೊಂಡು ಬರಲಿ. ಸಚಿವರಾಗುವ ಹುಡುಗನಿಗೋ ಹುಡುಗಿಗೋ ಉತ್ತರ ಸಿದ್ಧಮಾಡಿಕೊಳ್ಳಲು ಹದಿನೈದು ದಿನ ಕೊಡಿ. ಮೊದಲ ಉಪಪ್ರಶ್ನೆ ಕೇಳುವುದು ಧೂಳಿನ ದಾರಿಯ ಹಳ್ಳಿಯ ಮಗುವೇ ಆಗಿರಲಿ.